ಬಾಯ್ಲರಿಗೆ ಹೋಗುವ ಮೊದಲು

ಹೊಸದಾಗಿ ಬಟ್ಟಿ ಇಳಿಸಿದ ಫರ್ಫ್ಯುರಾಲ್ ನೀರಿನ ಹಾಗೇ ತಿಳಿಯಾಗಿರುತ್ತದೆ. ಮೂಗಿಗೆ ಮೊದಲು ಬಾದಾಮಿಯ ವಾಸನೆ, ಹಿಂದೆಯೇ ಸ್ವಲ್ಪ ಸೀದ ಬ್ರೆಡ್ಡಿನದು. ಗಾಳಿ ತಾಕುವಂತೆ ಬಿಟ್ಟರೆ ಬೇಗನೆ ಹಳದಿಗೆ ತಿರುಗಿ, ಕಂದಾಗಿ, ಕೊನೆಗೆ ಕಪ್ಪಾಗುತ್ತದೆ. ನೀರಿನ ಜೊತೆ ಸೀಸೆಗೆ ಹಾಕಿ ಕುಲುಕಿ ಇಟ್ಟರೆ ಎಣ್ಣೆಯಂತೆ ಮೇಲೆ ತೇಲುವುದಿಲ್ಲ. ನೀರಿಗಿಂತ ಭಾರವಾದ್ದರಿಂದ ತಳಕ್ಕಿಳಿದು ಬೇರೆಯೇ ಪದರವಾಗಿ ನಿಲ್ಲುತ್ತದೆ. ಹುರಿದ ಕಾಫಿಬೀಜದ ಘಮದಲ್ಲಿ ಇದರ ಲೇಶವಿದೆ. ಡ್ರಮ್ಮಿನಲ್ಲಿ ಬಂದಾಗ ಮಾತ್ರ ಕಣ್ಣು, ಚರ್ಮ, ಶ್ವಾಸಕೋಶ ಎಲ್ಲಕ್ಕೂ ಅಪಾಯ.

ಈ ದ್ರವದ ವಿಶೇಷವೆಂದರೆ ಇದು ಕಚ್ಚಾತೈಲದ ಹಂಗಿಲ್ಲದೆ ಬದುಕಿದೆ. ಪ್ಲಾಸ್ಟಿಕ್ಕು, ಬಣ್ಣ, ಔಷಧಿ, ಗೊಬ್ಬರ ಎಲ್ಲವೂ ಪೆಟ್ರೋಲಿಯಂ ಇಲ್ಲವೇ ನೈಸರ್ಗಿಕ ಅನಿಲದ ಹಿಂದೆ ಹೋದ ಕಾಲದಲ್ಲೂ ಫರ್ಫ್ಯುರಾಲ್ ಹೊಲವನ್ನು ಬಿಡಲಿಲ್ಲ. ಜಗತ್ತಿಗೆ ಬೇಕಾದ ಫರ್ಫ್ಯುರಾಲ್ ಇಂದಿಗೂ ಬರುವುದು ಮೆಕ್ಕೆಜೋಳದ ಬೆಂಡಿನಿಂದ, ಕಬ್ಬಿನ ಸಿಪ್ಪೆಯಿಂದ, ಅಂಥದೇ ಬೇರೆ ಬೆಳೆ ಉಳಿಕೆಗಳಿಂದ. ಸಸ್ಯರಾಶಿಯಿಂದ ರಾಸಾಯನಿಕ ತೆಗೆಯುವುದು ಎಂದೊಡನೆ ಮುಂದೆಂದೋ ಬರಲಿರುವ ತಂತ್ರಜ್ಞಾನದ ಮಾತು ಎಂದು ನಾವು ಭಾವಿಸುತ್ತೇವೆ. ಅದರ ವಯಸ್ಸು ಇನ್ನೂರು ದಾಟಿದೆ.

ಜರ್ಮನಿಯ ಯೇನಾದಲ್ಲಿ ಪ್ರಾಧ್ಯಾಪಕನಾಗಿದ್ದ ಯೋಹಾನ್ ವೋಲ್ಫ್‌ಗಾಂಗ್ ಡೋಬರೈನರ್ 1821ರಲ್ಲಿ ಫಾರ್ಮಿಕ್ ಆಮ್ಲ ತಯಾರಿಸುತ್ತಿದ್ದಾಗ ಜೊತೆಗೊಂದಿಷ್ಟು ಎಣ್ಣೆಯಂಥ ದ್ರವ ಸಿಕ್ಕಿತು. ಅದೇ ಫರ್ಫ್ಯುರಾಲ್. ಇದನ್ನು ಅವನು ಪ್ರಕಟಿಸಿದ್ದು 1832ರಲ್ಲಿ. ಈ ನಡುವೆ, 1823ರಲ್ಲಿ, ಅವನ ಕಣ್ಣಿಗೆ ಇನ್ನೊಂದು ಸಂಗತಿ ಬಿದ್ದಿತ್ತು. ಸ್ಪಂಜಿನಂತೆ ರಂಧ್ರ ರಂಧ್ರವಾದ ಪ್ಲಾಟಿನಂ ಮೇಲೆ ಹೈಡ್ರೋಜನ್ ಅನಿಲ ಹಾಯಿಸಿದರೆ ಕಿಡಿಯಿಲ್ಲದೆ, ಕಡ್ಡಿ ಗೀರದೆ, ತಾನಾಗಿ ಹೊತ್ತಿಕೊಳ್ಳುತ್ತಿತ್ತು. ಪ್ಲಾಟಿನಂ ಮಾತ್ರ ಇದ್ದ ಹಾಗೇ ಇರುತ್ತಿತ್ತು. ಈ ತತ್ವದ ಮೇಲೆ ಅವನು ಮಾಡಿದ ದೀಪ ಯುರೋಪಿನ ಮನೆಗಳಲ್ಲಿ ಬೆಂಕಿ ಹೊತ್ತಿಸುವ ಸಾಧನವಾಯಿತು. ತಾನು ವ್ಯಯವಾಗದೆ ಕ್ರಿಯೆಯನ್ನು ನಡೆಸಿಕೊಡುವ ಇಂಥ ವಸ್ತುಗಳ ಗುಣಕ್ಕೆ ಕ್ಯಾಟಲಿಸಿಸ್ ಎಂದು ಸ್ವೀಡನ್ನಿನ ಬರ್ಜೀಲಿಯಸ್ ಹೆಸರಿಟ್ಟದ್ದು 1835ರಲ್ಲಿ. ನಮ್ಮ ಪಠ್ಯಪುಸ್ತಕಗಳಲ್ಲಿ ಅಂಥ ವಸ್ತುವೇ ಕ್ರಿಯಾವರ್ಧಕ. ಎಣ್ಣೆಯಂಥ ಆ ದ್ರವ, ಅದನ್ನು ಬೇಕಾದ ರೂಪಕ್ಕೆ ತರಬಲ್ಲ ಲೋಹ, ಎರಡೂ ಎರಡೇ ವರ್ಷದ ಅಂತರದಲ್ಲಿ ಒಬ್ಬನೇ ಮನುಷ್ಯನ ಕೈಗೆ ಸಿಕ್ಕಿದ್ದವು. ಅವೆರಡನ್ನೂ ಜೋಡಿಸಿ ಕಾರ್ಖಾನೆ ಕಟ್ಟಲು ಮತ್ತೊಂದು ಶತಮಾನ ಬೇಕಾಯಿತು.

ಸ್ಕಾಟ್ಲೆಂಡಿನ ಜಾನ್ ಸ್ಟೆನ್‌ಹೌಸ್ 1840ರಲ್ಲಿ ಇನ್ನೊಂದು ಹೆಜ್ಜೆ ಇಟ್ಟ. ಮೆಕ್ಕೆಜೋಳ, ಓಟ್ಸ್, ತೌಡು, ಮರದ ಹೊಟ್ಟು, ಯಾವುದನ್ನು ನೀರು ಬೆರೆಸಿದ ಗಂಧಕಾಮ್ಲದಲ್ಲಿ ಕುದಿಸಿ ಬಟ್ಟಿ ಇಳಿಸಿದರೂ ಅದೇ ಎಣ್ಣೆ ಬರುತ್ತದೆ ಎಂದು ತೋರಿಸಿದ. ಅಂದರೆ ಇದು ಯಾವುದೋ ಒಂದು ಗಿಡದ ಸ್ವತ್ತಲ್ಲ.

ಎಲ್ಲ ಗಿಡದಲ್ಲೂ ಇರುವ ಆ ಮೂಲದ್ರವ್ಯ ಯಾವುದೆಂದು ತಿಳಿಯಲು ಜೀವಕೋಶದ ಗೋಡೆಯೊಳಕ್ಕೆ ಇಣುಕಬೇಕು. ಆ ಗೋಡೆಯನ್ನು ಆರ್‌ಸಿಸಿ ಕಟ್ಟಡವೆಂದುಕೊಳ್ಳಿ. ಸೆಲ್ಯುಲೋಸ್ ಅದರ ಕಬ್ಬಿಣದ ಸರಳು. ಲಿಗ್ನಿನ್ ಕಾಂಕ್ರೀಟು. ಸರಳುಗಳನ್ನು ಒಂದಕ್ಕೊಂದು ಬಿಗಿಯುವ ಕಟ್ಟುತಂತಿಯ ಕೆಲಸ ಹೆಮಿಸೆಲ್ಯುಲೋಸಿನದು. ಕಬ್ಬಿನ ಒಣ ಸಿಪ್ಪೆಯಲ್ಲಿ ಸೆಲ್ಯುಲೋಸ್ ಸುಮಾರು ಶೇ 40–45, ಹೆಮಿಸೆಲ್ಯುಲೋಸ್ ಶೇ 25–30, ಲಿಗ್ನಿನ್ ಶೇ 20ರ ಆಸುಪಾಸು. ಮೂರರಲ್ಲಿ ಹೆಮಿಸೆಲ್ಯುಲೋಸೇ ಮೆದು; ಬಿಸಿ ಆಮ್ಲಕ್ಕೆ ಮೊದಲು ಮಣಿಯುವುದು ಅದೇ. ಅದು ಒಡೆದಾಗ ಬರುವುದು ಕ್ಸೈಲೋಸ್ ಎಂಬ ಐದು ಇಂಗಾಲದ ಸಕ್ಕರೆ. ಆ ಸಕ್ಕರೆಯ ಒಂದು ಅಣು ಮೂರು ನೀರಿನ ಅಣುಗಳನ್ನು ಕಳೆದುಕೊಂಡರೆ ಫರ್ಫ್ಯುರಾಲಿನ ಒಂದು ಅಣು. ಲೆಕ್ಕ ಸರಳ: 150 ಗ್ರಾಂ ಕ್ಸೈಲೋಸಿನಿಂದ 54 ಗ್ರಾಂ ನೀರು ಹೋಗಿ 96 ಗ್ರಾಂ ಫರ್ಫ್ಯುರಾಲ್ ಉಳಿಯಬೇಕು.

ಕಾಗದದ ಮೇಲೆ ಉಳಿಯುತ್ತದೆ, ಪಾತ್ರೆಯಲ್ಲಿ ಉಳಿಯುವುದಿಲ್ಲ. ಹುಟ್ಟಿದ ಫರ್ಫ್ಯುರಾಲ್ ಅದೇ ಬಿಸಿಯಲ್ಲಿ, ಅದೇ ಆಮ್ಲದಲ್ಲಿ, ಪಕ್ಕದ ಸಕ್ಕರೆಯ ಜೊತೆಗೋ ತನ್ನಂಥದೇ ಇನ್ನೊಂದು ಅಣುವಿನ ಜೊತೆಗೋ ಅಂಟಿಕೊಂಡು ಕಪ್ಪು ರಾಳವಾಗುತ್ತದೆ. ಹಳೆಯ ಪದ್ಧತಿಯ ಕಾರ್ಖಾನೆಗಳಲ್ಲಿ ಸಿಗಬೇಕಾದದ್ದರ ಅರ್ಧದಷ್ಟು ಕೈಗೆ ಸಿಕ್ಕರೆ ಪುಣ್ಯ. ಹಾಗಾಗಿ ಇಡೀ ತಯಾರಿಕೆಯ ಗುಟ್ಟು ಇರುವುದು ಮಾಡುವುದರಲ್ಲಲ್ಲ, ಮಾಡಿದ್ದನ್ನು ತಕ್ಷಣ ಆಚೆ ಎತ್ತುವುದರಲ್ಲಿ. ಸಿಪ್ಪೆ ತುಂಬಿದ ಎತ್ತರದ ಉಕ್ಕಿನ ಪಾತ್ರೆಯೊಳಕ್ಕೆ 150ರಿಂದ 180 ಡಿಗ್ರಿ ಸೆಲ್ಸಿಯಸ್ ಶಾಖದ ಹಬೆಯನ್ನು ಒತ್ತಡದಲ್ಲಿ ಬಿಡುತ್ತಾರೆ. ಹಬೆಯೇ ಬೇಯಿಸುತ್ತದೆ, ಹುಟ್ಟಿದ ಫರ್ಫ್ಯುರಾಲನ್ನು ಹೊತ್ತು ಹೊರಗೆ ತರುವುದೂ ಹಬೆಯೇ. ತಣಿಸಿದಾಗ ಸಿಗುವ ನೀರಿನಲ್ಲಿ ಫರ್ಫ್ಯುರಾಲ್ ಶೇ 3ರಿಂದ 6 ಮಾತ್ರ.

ಅದನ್ನು ಬೇರ್ಪಡಿಸುವ ರೀತಿ ನನಗೆ ಯಾವತ್ತೂ ಸೊಗಸೆನಿಸಿದೆ. ಫರ್ಫ್ಯುರಾಲ್ ಒಂದೇ ಇದ್ದರೆ ಕುದಿಯುವುದು 162 ಡಿಗ್ರಿಯಲ್ಲಿ. ನೀರಿನೊಡನೆ ಸೇರಿದಾಗ ಎರಡೂ ಜೊತೆಗೂಡಿ 98 ಡಿಗ್ರಿಗೇ ಆವಿಯಾಗುತ್ತವೆ, ಆ ಆವಿಯಲ್ಲಿ ಫರ್ಫ್ಯುರಾಲಿನ ಪಾಲು ಶೇ 35ಕ್ಕೆ ಏರಿರುತ್ತದೆ. ತಣಿದಾಗ ನೀರು ತನ್ನಲ್ಲಿ ಶೇ 8ರಷ್ಟನ್ನು ಮಾತ್ರ ಕರಗಿಸಿಟ್ಟುಕೊಳ್ಳಬಲ್ಲದು. ಮಿಕ್ಕದ್ದು ತಳಕ್ಕೆ ಇಳಿಯುತ್ತದೆ. ಮೇಲಿನ ನೀರು ಮತ್ತೆ ಬಟ್ಟಿ ಇಳಿಸುವ ಕಂಬಕ್ಕೆ ಹೋಗುತ್ತದೆ, ಕೆಳಗಿನ ಪದರ ಟ್ಯಾಂಕಿಗೆ.

ಆಮ್ಲ ಸುರಿಯದೆಯೂ ಇದು ನಡೆಯುತ್ತದೆ. ಹೆಮಿಸೆಲ್ಯುಲೋಸಿನ ಸರಪಳಿಗೆ ಅಸಿಟೈಲ್ ಗುಂಪುಗಳು ತಗುಲಿಕೊಂಡಿರುತ್ತವೆ. ಬಿಸಿ ಹಬೆ ತಾಕಿದಾಗ ಅವು ಕಳಚಿ ಅಸಿಟಿಕ್ ಆಮ್ಲವಾಗುತ್ತವೆ, ವಿನಿಗರಿನಲ್ಲಿರುವ ಅದೇ ಆಮ್ಲ. ಆ ಆಮ್ಲವೇ ಕ್ರಿಯಾವರ್ಧಕವಾಗಿ ಉಳಿದ ಕೆಲಸ ಮುಗಿಸುತ್ತದೆ. ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್ ಕರಾವಳಿಯ ಸೆಜೆಲಾದಲ್ಲಿ ಸಕ್ಕರೆ ಕಾರ್ಖಾನೆಗೆ ಹೊಂದಿಕೊಂಡಿರುವ ಫರ್ಫ್ಯುರಾಲ್ ಘಟಕ ಈ ಬಗೆಯದು. ಗಿಡವೇ ತನ್ನನ್ನು ಬಿಡಿಸುವ ಕೀಲಿಯನ್ನೂ ಮೈಯಲ್ಲಿಟ್ಟುಕೊಂಡಿದೆ.

ದೊಡ್ಡ ಪ್ರಮಾಣದಲ್ಲಿ ಇದನ್ನು ಮೊದಲು ಮಾಡಿದ್ದು ಅಮೆರಿಕದ ಅಯೋವಾ ರಾಜ್ಯದ ಸೀಡರ್ ರ‍್ಯಾಪಿಡ್ಸ್‌ನಲ್ಲಿ, 1922ರಲ್ಲಿ. ಬೆಳಗಿನ ತಿಂಡಿಗೆ ಓಟ್ಸ್ ಮಾರುತ್ತಿದ್ದ ಕ್ವೇಕರ್ ಓಟ್ಸ್ ಕಂಪನಿಯ ಅಂಗಳದಲ್ಲಿ ಓಟ್ಸಿನ ಹೊಟ್ಟು ಬೆಟ್ಟದಂತೆ ಬೀಳುತ್ತಿತ್ತು. ಅದರಿಂದ ಫರ್ಫ್ಯುರಾಲ್ ಹೊರಟಿತು. ತೈಲ ಶುದ್ಧೀಕರಣ ಘಟಕಗಳು ಇಂಜಿನ್ ಆಯಿಲಿನ ಕಲ್ಮಶ ತೆಗೆಯುವ ದ್ರಾವಕವಾಗಿ ಅದನ್ನು ಕೊಂಡವು. ಎರಡನೇ ಮಹಾಯುದ್ಧದ ಹೊತ್ತಿಗೆ ಕೃತಕ ರಬ್ಬರಿಗೆ ಬೇಕಾದ ಬ್ಯುಟಾಡೀನನ್ನು ಶುದ್ಧಗೊಳಿಸಲು ಅದು ಅಗತ್ಯವಾಯಿತು. ಮುಂದೆ ಡ್ಯುಪಾಂಟ್ ಕಂಪನಿ ನಯಾಗರಾ ಫಾಲ್ಸ್‌ನಲ್ಲಿ ಫರ್ಫ್ಯುರಾಲಿನಿಂದ ನೈಲಾನಿನ ಕಚ್ಚಾವಸ್ತುವನ್ನೇ ತೆಗೆಯಿತು. ಫರ್ಫ್ಯುರಾಲ್ ಅಣುವಿನ ಬಾಲದಂಥ ತುದಿಯನ್ನು ಕತ್ತರಿಸಿ ಫ್ಯುರಾನ್, ಅದಕ್ಕೆ ಹೈಡ್ರೋಜನ್ ಕೂಡಿಸಿ ಟೆಟ್ರಾಹೈಡ್ರೋಫ್ಯುರಾನ್, ಅಲ್ಲಿಂದ ಇನ್ನೆರಡು ಮೆಟ್ಟಿಲು ದಾಟಿ ಅಡಿಪೋನೈಟ್ರೈಲ್, ಅದರಿಂದ ನೈಲಾನ್. ಹೊಲದ ಉಳಿಕೆ ಉಟ್ಟುಕೊಳ್ಳುವ ನೂಲಾಯಿತು.

1961ರಲ್ಲಿ ಆ ದಾರಿ ನಿಂತುಹೋಯಿತು. ರಸಾಯನಶಾಸ್ತ್ರ ಸೋತದ್ದಕ್ಕಲ್ಲ. ನೈಲಾನಿನ ಅದೇ ಕಚ್ಚಾವಸ್ತುವನ್ನು ಬ್ಯುಟಾಡೀನಿನಿಂದಲೂ ಮಾಡಬಹುದಿತ್ತು, ಪೆಟ್ರೋಲಿಯಂನಿಂದ ಬರುವ ಬ್ಯುಟಾಡೀನ್ ಅಷ್ಟು ಅಗ್ಗವಾಗಿತ್ತು. ಈ ಒಂದು ಸಂಗತಿಯನ್ನು ನಾನು ಪದೇ ಪದೇ ನೆನೆಯುತ್ತೇನೆ, ಏಕೆಂದರೆ ಈಗಲೂ ಯಾವ ಹೊಸ ಕ್ರಿಯಾವರ್ಧಕದ ಸುದ್ದಿ ಬಂದರೂ ಅದು ಎದುರಿಸಬೇಕಾದದ್ದು ಇದೇ ತಕ್ಕಡಿಯನ್ನು. ಪೈಪಿನಲ್ಲಿ ಹರಿದು ಬರುವ, ವರ್ಷವಿಡೀ ಒಂದೇ ಗುಣದ ದ್ರವ ಒಂದು ಕಡೆ. ಸುಗ್ಗಿಯಲ್ಲಿ ಮಾತ್ರ ಸಿಗುವ, ಅರ್ಧಕ್ಕರ್ಧ ನೀರಿರುವ, ಲಾರಿಯ ತುಂಬ ಗಾಳಿಯನ್ನೇ ಹೊತ್ತು ತರಬೇಕಾದ ಹಗುರ ಸಿಪ್ಪೆ ಇನ್ನೊಂದು ಕಡೆ.

ಹಾಗಿದ್ದರೆ ಗಿಡದ ಪಾಲಿಗೆ ಗೆಲುವು ಎಲ್ಲಿದೆ? ಆಮ್ಲಜನಕದಲ್ಲಿದೆ ಎಂಬುದು ನನ್ನ ನಂಬಿಕೆ. ಕಚ್ಚಾತೈಲದಲ್ಲಿರುವುದು ಬಹುಮಟ್ಟಿಗೆ ಇಂಗಾಲ ಮತ್ತು ಹೈಡ್ರೋಜನ್. ಅದರಿಂದ ಆಲ್ಕೋಹಾಲು, ಆಮ್ಲ, ರಾಳ ಮಾಡಬೇಕಾದರೆ ಆಮ್ಲಜನಕವನ್ನು ಹೊರಗಿನಿಂದ ತಂದು ಸೇರಿಸಬೇಕು. ಗಿಡದ ಸಕ್ಕರೆಯಲ್ಲಿ ಆಮ್ಲಜನಕ ಮೊದಲೇ ತುಂಬಿದೆ. ಇಲ್ಲಿ ಬೇಕಾದ್ದು ತೆಗೆಯುವ ಕೆಲಸ, ಅದೂ ಎಣಿಸಿ ತೆಗೆಯುವ ಕೆಲಸ. ಪೂರ್ತಿ ತೆಗೆದು ಪೆಟ್ರೋಲಿನಂತೆ ಮಾಡಲು ಹೊರಟರೆ ಹೈಡ್ರೋಜನ್ನಿಗೇ ದುಡ್ಡು ಸುರಿದು, ಕೊನೆಗೆ ಲೀಟರ್ ಲೆಕ್ಕದಲ್ಲಿ ಅಗ್ಗಕ್ಕೆ ಮಾರುವ ಸರಕಿನ ಮುಂದೆ ಪೈಪೋಟಿಗೆ ನಿಲ್ಲಬೇಕು. ಸರಿಯಾದ ಮೆಟ್ಟಿಲಲ್ಲಿ ನಿಲ್ಲಿಸಿದರೆ ಪೆಟ್ರೋಲಿಯಂ ಸುತ್ತುಬಳಸಿ ತಲುಪುವ ಜಾಗಕ್ಕೆ ಗಿಡ ನೇರವಾಗಿ ತಲುಪಿರುತ್ತದೆ.

ಆ ನಿಲ್ಲಿಸುವ ಕೆಲಸ ಲೋಹದ್ದು. ಫರ್ಫ್ಯುರಾಲಿನ ಅಣುವೆಂದರೆ ನಾಲ್ಕು ಇಂಗಾಲ, ಒಂದು ಆಮ್ಲಜನಕ ಸೇರಿದ ಉಂಗುರ; ಅದಕ್ಕೊಂದು ಆಲ್ಡಿಹೈಡ್ ಬಾಲ. ತಾಮ್ರದ ಕ್ರಿಯಾವರ್ಧಕದ ಮೇಲೆ ಹೈಡ್ರೋಜನ್ ಜೊತೆ ಹಾಯಿಸಿದರೆ ಬಾಲಕ್ಕೆ ಮಾತ್ರ ಹೈಡ್ರೋಜನ್ ಸೇರಿ ಫರ್ಫ್ಯುರೈಲ್ ಆಲ್ಕೋಹಾಲ್ ಆಗುತ್ತದೆ, ಉಂಗುರಕ್ಕೆ ಧಕ್ಕೆ ಇಲ್ಲ. ಅದೇ ತಾಮ್ರ, ಶಾಖ ಹೆಚ್ಚಿಸಿ. ಬಾಲದ ಆಮ್ಲಜನಕವೂ ಕಳಚಿ ಮಿಥೈಲ್‌ಫ್ಯುರಾನ್. ತಾಮ್ರ ತೆಗೆದು ಪಲ್ಲೇಡಿಯಂ ಇಟ್ಟರೆ ಬಾಲವೇ ಇಂಗಾಲದ ಮಾನಾಕ್ಸೈಡ್ ಆಗಿ ಉದುರಿ ಬರೀ ಫ್ಯುರಾನ್ ಉಳಿಯಬಹುದು, ಇಲ್ಲವೇ ಉಂಗುರಕ್ಕೂ ಹೈಡ್ರೋಜನ್ ಹತ್ತಬಹುದು. ಎರಡರಲ್ಲಿ ಯಾವುದು ಎಂಬುದು ಶಾಖ, ಒತ್ತಡ, ದ್ರಾವಕ, ಪಲ್ಲೇಡಿಯಂ ಕೂತಿರುವ ತಳದ ಗುಣ ಇವುಗಳ ಮೇಲೆ. ಫರ್ಫ್ಯುರೈಲ್ ಆಲ್ಕೋಹಾಲನ್ನು ಆಮ್ಲ ಬೆರೆತ ನೀರಿನಲ್ಲಿ ಕಾಯಿಸಿದರೆ ಉಂಗುರವೇ ಬಿಚ್ಚಿ ಲೆವುಲಿನಿಕ್ ಆಮ್ಲ. ಒಂದೇ ಅಣುವಿನಿಂದ ಇಷ್ಟು ಕವಲು. ಪ್ರಯೋಗಾಲಯಗಳಲ್ಲಿ ವರ್ಷಗಟ್ಟಲೆ ನಡೆಯುವ ಕೆಲಸ, ಒಂದು ಕವಲಿಗೆ ಹೋದ ಅಣು ಇನ್ನೊಂದಕ್ಕೆ ಜಾರದಂತೆ ನೋಡಿಕೊಳ್ಳುವುದು.

ಇವುಗಳಲ್ಲಿ ವ್ಯಾಪಾರಕ್ಕೆ ದೊಡ್ಡದು ಮೊದಲನೆಯದು. ಲೋಕದ ಫರ್ಫ್ಯುರಾಲಿನ ಅರ್ಧಕ್ಕಿಂತ ಹೆಚ್ಚು ಪಾಲು ಫರ್ಫ್ಯುರೈಲ್ ಆಲ್ಕೋಹಾಲ್ ಆಗುತ್ತದೆ, ಅದರ ಬಹುಪಾಲು ಫ್ಯುರಾನ್ ರಾಳವಾಗಿ ಎರಕದ ಕಾರ್ಖಾನೆ ಸೇರುತ್ತದೆ. ಬೆಳಗಾವಿಯಂಥ ಫೌಂಡ್ರಿ ಊರಿನವರಿಗೆ ಇದರ ಪರಿಚಯ ಇರಲೇಬೇಕು. ಚಿಕ್ಕ ಬಿಡಿಭಾಗಗಳನ್ನು ಜೇಡಿ ಬೆರೆಸಿದ ಹಸಿ ಮರಳಿನಲ್ಲೇ ಎರೆಯುತ್ತಾರೆ. ಪಂಪಿನ ದೊಡ್ಡ ಮೈ, ಭಾರೀ ಯಂತ್ರದ ಪೀಠದಂಥವು ಬಂದಾಗ ಅಚ್ಚು ಗಟ್ಟಿಯಿರಬೇಕು, ಅಳತೆ ಜರುಗಬಾರದು. ಆಗ ಮರಳಿನ ತೂಕದ ಶೇ 1ರ ಆಸುಪಾಸು ಫ್ಯುರಾನ್ ರಾಳ, ಜೊತೆಗೆ ಸಲ್ಫೋನಿಕ್ ಆಮ್ಲ. ಮಿಕ್ಸರಿನ ತೋಳಿನಿಂದ ಸುರಿಯುವ ಮರಳಿಗೆ ಎರಡೂ ಬೆರೆತೇ ಇರುತ್ತವೆ. ಪ್ಯಾಟರ್ನಿನ ಸುತ್ತ ತುಂಬಿ ದಮ್ಮಾಸು ಮಾಡಿದ ಮರಳು ಒಲೆಯಿಲ್ಲದೆ, ಕಾಯಿಸದೆ, ಕಣ್ಣೆದುರೇ ಬಣ್ಣ ಗಾಢವಾಗುತ್ತ ಬಿಗಿಯುತ್ತದೆ. ಉಗುರಿನಿಂದ ಕೆರೆದರೂ ಉದುರದಷ್ಟು ಗಟ್ಟಿಯಾದ ಮೇಲೆ ಪ್ಯಾಟರ್ನ್ ಎತ್ತಿ, ಕೋಟಿಂಗ್ ಬಳಿದು, ಎರಡು ಅರ್ಧಗಳನ್ನು ಕೂಡಿಸಿ ಕರಗಿದ ಕಬ್ಬಿಣ ಎರೆಯುತ್ತಾರೆ. ಆ ಶಾಖಕ್ಕೆ ರಾಳ ಸುಟ್ಟುಹೋಗಿ ಮರಳು ಸಡಿಲವಾಗುತ್ತದೆ, ಎರಕ ಸಲೀಸಾಗಿ ಬಿಡುತ್ತದೆ. ಆ ಮರಳನ್ನು ಚೊಕ್ಕ ಮಾಡಿ ಮತ್ತೆ ಬಳಸುತ್ತಾರೆ.

ಗಿಡದಿಂದ ಬಂದದ್ದು ಎಂಬ ಮಾತ್ರಕ್ಕೆ ಇದೆಲ್ಲ ನಿರುಪದ್ರವಿ ಎಂದು ಯಾರಾದರೂ ಹೇಳಿದರೆ ನಂಬಬಾರದು. ಫರ್ಫ್ಯುರೈಲ್ ಆಲ್ಕೋಹಾಲನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಯಲ್ಲಿ ಇಟ್ಟಿದೆ. ಅಚ್ಚಿನ ಮನೆಯಲ್ಲಿ ಗಾಳಿ ಆಡಬೇಕು, ಮಿಕ್ಸರಿನ ಹತ್ತಿರ ನಿಲ್ಲುವವರಿಗೆ ಒಳ್ಳೆಯ ಮಾಸ್ಕು, ಕೈಗವಸು ಸಿಗಬೇಕು. ತಯಾರಿಕೆಯಲ್ಲೂ ಒಂದು ಕಳಂಕವಿದೆ. ದಶಕಗಳಿಂದ ಈ ಆಲ್ಕೋಹಾಲ್ ಮಾಡಲು ಬಳಸುತ್ತ ಬಂದಿರುವುದು ಕಾಪರ್ ಕ್ರೋಮೈಟ್, ತಾಮ್ರ ಮತ್ತು ಕ್ರೋಮಿಯಂ ಕೂಡಿದ ಕ್ರಿಯಾವರ್ಧಕ. ಸತ್ವ ಕಳೆದುಕೊಂಡ ಮೇಲೆ ಅದನ್ನು ಸುರಿಯುವುದೆಲ್ಲಿ? ಕ್ರೋಮಿಯಂ ನೆಲಕ್ಕಿಳಿದರೆ ಊರಿನ ನೀರು ಕೆಡುತ್ತದೆ. ಕ್ರೋಮಿಯಂ ಇಲ್ಲದ ತಾಮ್ರದ ಕ್ರಿಯಾವರ್ಧಕ ಹುಡುಕುವುದು ಬರೀ ಪ್ರಬಂಧ ಬರೆಯುವ ಸರಕಲ್ಲ, ಜರೂರಿನ ಕೆಲಸ.

ಮೊದಲ ಮೆಟ್ಟಿಲಲ್ಲಿರುವ ಗಂಧಕಾಮ್ಲವನ್ನೂ ಬಿಡಿಸಲು ಪ್ರಯತ್ನ ನಡೆದಿದೆ. ಮೈತುಂಬ ಸೂಕ್ಷ್ಮ ರಂಧ್ರಗಳಿರುವ ಜಿಯೋಲೈಟಿನಂಥ ಘನರೂಪದ ಆಮ್ಲ ಬಳಸಿದರೆ ಸೋಸಿ ಮತ್ತೆ ಬಳಸಬಹುದು, ಪಾತ್ರೆಯನ್ನು ತುಕ್ಕು ತಿನ್ನುವುದಿಲ್ಲ, ಕೊಳೆನೀರು ಕಡಿಮೆ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಈ ಬಗ್ಗೆ ಗಟ್ಟಿ ಕೆಲಸ ಆಗಿದೆ. ನಮ್ಮ ಸುರತ್ಕಲ್ಲಿನ ಎನ್‌ಐಟಿಕೆಯಲ್ಲೂ ಸಸ್ಯಮೂಲದ ಫ್ಯುರಾನ್ ಸಂಯುಕ್ತಗಳ ಮೇಲೆ ಸಂಶೋಧನೆ ನಡೆಯುತ್ತಿದೆ. ಶುದ್ಧ ಕ್ಸೈಲೋಸ್ ಕೊಟ್ಟಾಗ ಘನ ಆಮ್ಲಗಳು ಚೆನ್ನಾಗಿ ದುಡಿಯುತ್ತವೆ. ನಿಜವಾದ ಸಿಪ್ಪೆ ಕೊಟ್ಟಾಗ ಕಷ್ಟ ಶುರು. ಹೊಲದಿಂದ ಬಂದ ಸಿಪ್ಪೆಯಲ್ಲಿ ಮಣ್ಣಿದೆ, ಸಿಲಿಕಾ ಇದೆ, ಪೊಟ್ಯಾಸಿಯಂ ಇದೆ. ಪೊಟ್ಯಾಸಿಯಂ ಆಮ್ಲದ ಜಾಗವನ್ನು ಆಕ್ರಮಿಸುತ್ತದೆ, ಕಪ್ಪು ರಾಳ ರಂಧ್ರಗಳಿಗೆ ಬಿರಡೆ ಹಾಕುತ್ತದೆ, ಬಿಸಿನೀರು ಜಿಯೋಲೈಟಿನ ಹಂದರವನ್ನೇ ಸವೆಸುತ್ತದೆ.

ಗೆದ್ದ ಉದಾಹರಣೆಗಳೂ ಇವೆ. ಟೂತ್‌ಪೇಸ್ಟ್ ಟ್ಯೂಬಿನ ಹಿಂದೆ ಅಚ್ಚಾಗಿರುವ ಸಾರ್ಬಿಟಾಲ್, ಮೆಕ್ಕೆಜೋಳದ ಪಿಷ್ಟದಿಂದ ಬಂದ ಗ್ಲೂಕೋಸಿಗೆ ನಿಕ್ಕಲ್ ಅಥವಾ ರುಥೇನಿಯಂ ಮೇಲೆ ಹೈಡ್ರೋಜನ್ ಕೂಡಿಸಿ ಮಾಡಿದ್ದು. ನಾರ್ವೆಯ ಸಾರ್ಪ್ಸ್‌ಬೋರ್ಗ್‌ನಲ್ಲಿ ಬೊರೆಗಾರ್ಡ್ ಕಂಪನಿ ಸ್ಪ್ರೂಸ್ ಮರದ ಲಿಗ್ನಿನ್ನಿನಿಂದ ವೆನಿಲಿನ್ ತೆಗೆಯುತ್ತ ಆರು ದಶಕ ಕಳೆದಿದೆ. ನೆದರ್ಲೆಂಡ್ಸಿನ ಡೆಲ್ಫ್‌ಝೈಲ್‌ನಲ್ಲಿ ಅವಾಂಟಿಯಂ ಕಂಪನಿ ವರ್ಷಕ್ಕೆ 5,000 ಟನ್ ಸಾಮರ್ಥ್ಯದ ಘಟಕವನ್ನು 2024ರಲ್ಲಿ ಉದ್ಘಾಟಿಸಿತು. ಫ್ರಕ್ಟೋಸ್ ಎಂಬ ಸಕ್ಕರೆಯಿಂದ ಫ್ಯುರಾನ್ ಆಮ್ಲ, ಅದರಿಂದ ನೀರಿನ ಬಾಟಲಿಯ ಪ್ಲಾಸ್ಟಿಕ್ಕಿಗಿಂತ ಚೆನ್ನಾಗಿ ಅನಿಲ ತಡೆಯುವ ಪಿಇಎಫ್. ಆದರೆ ಸಾರ್ಬಿಟಾಲಿಗೂ ಪಿಇಎಫ್‌ಗೂ ಈಗ ಬೇಕಾಗಿರುವುದು ಧಾನ್ಯದ ಸಕ್ಕರೆ, ತಿನ್ನಬಹುದಾದ ಸಕ್ಕರೆ. ಹೊಟ್ಟೆಗೆ ಹೋಗಬೇಕಾದ್ದನ್ನು ಬಾಟಲಿ ಮಾಡುವ ಮಾತು ನನಗೆ ಅಷ್ಟು ಹಿತವಲ್ಲ. ಫರ್ಫ್ಯುರಾಲಿಗೆ ಆ ತಕರಾರಿಲ್ಲ. ಸಿಪ್ಪೆಯನ್ನಾಗಲಿ ಬೆಂಡನ್ನಾಗಲಿ ಯಾರೂ ತಿನ್ನುವುದಿಲ್ಲ.

ಈಗ ಜಗತ್ತಿನ ಫರ್ಫ್ಯುರಾಲಿನ ಬಹುಪಾಲು ಚೀನಾದ್ದು, ಮೆಕ್ಕೆಜೋಳದ ಬೆಂಡಿನಿಂದ. ದಾವಣಗೆರೆ, ಹಾವೇರಿ ಕಡೆ ಕಾಳು ಬಿಡಿಸಿದ ಮೇಲೆ ಕಣದಲ್ಲಿ ಬೀಳುವ ಬೆಂಡು ಅದೇ. ಕಬ್ಬಿನ ಸಿಪ್ಪೆಯಂತೂ ಒಟ್ಟುಗೂಡಿಸುವ ಖರ್ಚೂ ಇಲ್ಲದೆ ಕಾರ್ಖಾನೆಯ ಅಂಗಳಕ್ಕೇ ಬಂದಿರುತ್ತದೆ. ಒಂದು ಟನ್ ಕಬ್ಬು ಅರೆದರೆ 280ರಿಂದ 300 ಕಿಲೋ ಹಸಿ ಸಿಪ್ಪೆ. ಸಕ್ಕರೆಯಲ್ಲಿ ಉತ್ತರ ಪ್ರದೇಶ, ಮಹಾರಾಷ್ಟ್ರದ ನಂತರದ ಸ್ಥಾನ ಕರ್ನಾಟಕದ್ದು. ಬೆಳಗಾವಿ ಜಿಲ್ಲೆಯೊಂದರಲ್ಲೇ ಎರಡು ಡಜನ್ನಿಗೂ ಹೆಚ್ಚು ಕಾರ್ಖಾನೆಗಳು. ಆ ಸಿಪ್ಪೆ ಬಾಯ್ಲರಿಗೆ ಹೋಗಿ ಹಬೆಯಾಗಿ, ವಿದ್ಯುತ್ತಾಗಿ, ಮಿಕ್ಕದ್ದು ಗ್ರಿಡ್ಡಿಗೆ ಮಾರಾಟವಾಗುತ್ತದೆ. ಆಲೆಮನೆಯ ಕೊಪ್ಪರಿಗೆಯ ಕೆಳಗೂ ಇದೇ ಉರಿಯುತ್ತದೆ. ಇದನ್ನು ದಂಡ ಎನ್ನಲಾಗದು, ಒಳ್ಳೆಯ ಬಳಕೆಯೇ. ಆದರೆ ಸುಡುವಾಗ ಸಿಪ್ಪೆಯ ಮೂರು ಭಾಗಕ್ಕೂ ಒಂದೇ ಬೆಲೆ ಕಟ್ಟುತ್ತಿದ್ದೇವೆ. ಹೆಚ್ಚು ಶಾಖ ಕೊಡುವುದು ಲಿಗ್ನಿನ್. ಹೆಮಿಸೆಲ್ಯುಲೋಸ್ ಶಾಖದಲ್ಲಿ ಹಿಂದೆ, ರಾಸಾಯನಿಕವಾಗಿ ಮುಂದೆ. ಅದನ್ನು ಮೊದಲು ತೆಗೆದುಕೊಂಡು, ಉಳಿದ ಸೆಲ್ಯುಲೋಸ್, ಲಿಗ್ನಿನ್ನನ್ನು ಒಲೆಗೆ ಕೊಡುವುದು ಜಾಣತನ. ಡೊಮಿನಿಕನ್ ಗಣರಾಜ್ಯದ ಲಾ ರೊಮಾನಾದಲ್ಲಿ ಸಕ್ಕರೆ ಕಾರ್ಖಾನೆಯ ಸಿಪ್ಪೆಯಿಂದ ದಶಕಗಳ ಕಾಲ ಫರ್ಫ್ಯುರಾಲ್ ತೆಗೆಯುತ್ತ ಬಂದಿದ್ದಾರೆ.

ತೊಡಕು ಹಬೆಯದು. ಒಂದು ಟನ್ ಫರ್ಫ್ಯುರಾಲಿಗೆ ಹತ್ತು ಟನ್ನಿನಷ್ಟು ಒಣ ಸಿಪ್ಪೆ, ಕೆಲವೆಡೆ ಇನ್ನೂ ಹೆಚ್ಚು ಬೇಕು. ಹಳೆಯ ಪದ್ಧತಿಯಲ್ಲಿ ಹಬೆ 20 ಟನ್ನಿಗೂ ಮೀರುತ್ತದೆ. ಅಷ್ಟು ಹಬೆ ಫರ್ಫ್ಯುರಾಲಿಗೆ ಹೋದರೆ ಗ್ರಿಡ್ಡಿಗೆ ಮಾರುವ ವಿದ್ಯುತ್ ಕಡಿಮೆಯಾಗುತ್ತದೆ. ಹೊರಬರುವ ಉಳಿಕೆ ಒದ್ದೆ, ಹುಳಿ. ಒಣಗಿಸಬೇಕು, ಬಾಯ್ಲರಿನ ಕೊಳವೆಗಳನ್ನು ಕಾಪಾಡಬೇಕು. ಅಸಿಟಿಕ್, ಫಾರ್ಮಿಕ್ ಆಮ್ಲ ಬೆರೆತ ಕೊಳೆನೀರನ್ನು ಘಟಪ್ರಭೆಗೋ ಕೃಷ್ಣೆಗೋ ಬಿಡುವಂತಿಲ್ಲ. ಅದರಿಂದ ಅಸಿಟಿಕ್ ಆಮ್ಲವನ್ನು ಬೇರೆ ಮಾಡಿ ಮಾರುವ ವ್ಯವಸ್ಥೆ ಮೊದಲ ದಿನವೇ ನಕ್ಷೆಯಲ್ಲಿ ಇರಬೇಕು. ಎಲ್ಲ ಕಾರ್ಖಾನೆಗೂ ಇದು ಹೊಂದುವುದಿಲ್ಲ. ಒಂದೆರಡು ದೊಡ್ಡ ಕಾರ್ಖಾನೆಗಳು ಸುತ್ತಲಿನವರ ಸಿಪ್ಪೆಯನ್ನೂ ಕೊಂಡು ವರ್ಷವಿಡೀ ನಡೆಸುವುದಾದರೆ ಹೊಂದೀತು. ಸಿಪ್ಪೆಗೆ ಬಾಯ್ಲರಿನ ಆಚೆ ಬೆಲೆ ಹುಟ್ಟಿಸಬಹುದು ಎಂಬುದನ್ನು ತಮಿಳುನಾಡು ಆಗಲೇ ತೋರಿಸಿದೆ. ಕರೂರು ಬಳಿಯ ಟಿಎನ್‌ಪಿಎಲ್ ಕಾಗದ ಕಾರ್ಖಾನೆ ಸಕ್ಕರೆ ಕಾರ್ಖಾನೆಗಳ ಸಿಪ್ಪೆ ಪಡೆದು, ಬದಲಿಗೆ ಅವರಿಗೆ ಬೇಕಾದ ಇಂಧನ, ಹಬೆಯ ಏರ್ಪಾಡು ಮಾಡಿಕೊಟ್ಟಿತು.

ಹಾಗೆ ಬೆಲೆ ಹುಟ್ಟಿದ ದಿನ ಅದು ಯಾರಿಗೆ ಸೇರಬೇಕು? ಕೇಂದ್ರ ಸರ್ಕಾರ ಗೊತ್ತುಮಾಡುವ ಕಬ್ಬಿನ ಕನಿಷ್ಠ ದರವಾದ ಎಫ್‌ಆರ್‌ಪಿ ಕಟ್ಟುವುದು ಸಕ್ಕರೆಯ ಇಳುವರಿಯ ಮೇಲೆ. 2012ರ ರಂಗರಾಜನ್ ಸಮಿತಿ ಸಕ್ಕರೆಯ ಜೊತೆ ಕಾಕಂಬಿ, ಸಿಪ್ಪೆ, ರಸ ಸೋಸಿದಾಗ ಉಳಿಯುವ ಪ್ರೆಸ್‌ಮಡ್‌ನ ಆದಾಯವನ್ನೂ ಸೇರಿಸಿ ಅದರ ಶೇ 70ನ್ನು ರೈತರಿಗೆ ಕೊಡಬೇಕೆಂದು ಶಿಫಾರಸು ಮಾಡಿತ್ತು. ಸಿಪ್ಪೆಯನ್ನು ಅಲ್ಲಿ ಹೆಸರು ಹಿಡಿದು ಸೇರಿಸಿದ್ದಾರೆ. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ರಸ್ತೆಯಲ್ಲಿ ಕೂತಿದ್ದನ್ನು ನಾಡೇ ನೋಡಿತು. ಉಪಉತ್ಪನ್ನಗಳ ಲಾಭದಲ್ಲಿ ನಮ್ಮ ಪಾಲೆಷ್ಟು ಎಂಬುದು ಕಬ್ಬು ಬೆಳೆಗಾರರ ಹಳೆಯ ಪ್ರಶ್ನೆ. ಫರ್ಫ್ಯುರಾಲ್ ಘಟಕಕ್ಕೆ ಸರ್ಕಾರ ಪರವಾನಗಿ ಕೊಡುವಾಗ, ಬ್ಯಾಂಕು ಸಾಲ ಮಂಜೂರು ಮಾಡುವಾಗ, ಆ ಘಟಕದ ಆದಾಯ ಯಾವ ಕಂಪನಿಯ ಲೆಕ್ಕದಲ್ಲಿ ಬರುತ್ತದೆ, ಸಕ್ಕರೆ ಕಾರ್ಖಾನೆಯಿಂದ ಅದಕ್ಕೆ ಸಿಪ್ಪೆ ಯಾವ ದರದಲ್ಲಿ ಹೋಗುತ್ತದೆ ಎಂಬ ಎರಡು ಅಂಶ ಕರಾರಿನಲ್ಲಿ ಬರಬೇಕು. ಬೆಳೆಗಾರರ ಸಂಘಗಳು ಯಂತ್ರ ಕೂರುವ ಮೊದಲೇ ಆ ಕಾಗದವನ್ನು ಕೇಳಿ ಪಡೆಯಬೇಕು.